ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು: ಅನುಭವವಾದ ಕುರಿತು

ಮಾನ್ಯ ಸಂಪಾದಕರೇ,

ಮನುಷ್ಯನ ತಿಳಿವಳಿಕೆಯ ಮೂಲ ಯಾವುದು ಎಂಬ ಬಗ್ಗೆ ತಮ್ಮ ಪತ್ರಿಕೆಯ ವಾಚಕರ ಅಂಕಣದಲ್ಲಿ ಕೆಲವು ವಾರಗಳಿಂದ ನಡೆಯುತ್ತಿರುವ ವಾದವಿವಾದವನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇನೆ. ಕಣ್ಣಿಗೆ ಕಾಣದ್ದನ್ನು, ಕೈಗೆ ಸಿಗದ್ದನ್ನು ಜ್ಞಾನವೆಂದು ಒಪ್ಪಲಾಗದು, ಜ್ಞಾನದ ಮೂಲ ಅನುಭವವೇ ಎಂದ ಯೂರೋಪಿನ ಅನುಭವವಾದಿಗಳು ಜಗತ್ತಿಗೆ ಕಲಿಸಿದ ಪಾಠವೇ ಇದು ಎಂದು ವಾಚಕರೊಬ್ಬರು ಬರೆದರು. ಅಂಥ ಸ್ಥೂಲದೃಷ್ಟಿ ಪಶ್ಚಿಮದವರಿಗೇ ಇರಲಿ, ನಮ್ಮ ಹಿರಿಯರು ಒಳಗಣ್ಣಿನಿಂದಲೇ ಎಲ್ಲವನ್ನೂ ಅರಿತಿದ್ದರು ಎಂದು ಇನ್ನೊಬ್ಬರು ಉತ್ತರ ಕೊಟ್ಟರು. ಮೇಲ್ನೋಟಕ್ಕೆ ಉತ್ತರ ದಕ್ಷಿಣವಾಗಿ ನಿಂತಂತೆ ಕಾಣುವ ಈ ಇಬ್ಬರೂ, ಅನುಭವವಾದವೆಂದರೆ ಕಣ್ಣು ಕಂಡದ್ದನ್ನು ನಂಬುವುದು ಎಂಬ ಒಂದು ಮಾತಿನಲ್ಲಿ ಮಾತ್ರ ಸಂಪೂರ್ಣ ಒಮ್ಮತದಿಂದಿದ್ದಾರೆ. ನನ್ನ ತಕರಾರು ಇರುವುದು ಆ ಒಮ್ಮತದ ಬಗ್ಗೆಯೇ. ಅನುಭವವಾದದ ದೊಡ್ಡ ಚಿಂತಕರು ಮಾಡಿದ ಕೆಲಸವೆಂದರೆ ಅನುಭವವನ್ನೇ ಕಟಕಟೆಯಲ್ಲಿ ನಿಲ್ಲಿಸಿ, ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂದು ವಿಚಾರಿಸಿದ್ದು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಗಾದೆ ಅವರ ನಿಲುವಿಗೆ ಎಷ್ಟು ಹತ್ತಿರದ್ದೆಂದು ಈ ಪತ್ರದಲ್ಲಿ ತೋರಿಸಲು ಯತ್ನಿಸುತ್ತೇನೆ.

ಅನುಭವವಾದಿಗಳಲ್ಲಿ ಪ್ರಮುಖನಾದ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ವೈದ್ಯಶಾಸ್ತ್ರ ಓದಿದವನು, ಲಂಡನ್ನಿನ ಹೆಸರಾಂತ ವೈದ್ಯ ಥಾಮಸ್ ಸಿಡೆನ್‌ಹ್ಯಾಮನ ಜೊತೆಗೂಡಿ ರೋಗಿಗಳನ್ನು ಕಂಡವನು. ಮಾನವನ ಗ್ರಹಿಕೆಯನ್ನು ಕುರಿತು ಅವನು ಬರೆದ ಪ್ರಬಂಧ 1690ರ ಮುದ್ರೆ ಹೊತ್ತು ಹೊರಬಂದಿತು. ಅದರ ಮೊದಲ ಭಾಗದಲ್ಲಿ ಅವನು, ಮನುಷ್ಯ ಹುಟ್ಟುವಾಗಲೇ ಕೆಲವು ಸತ್ಯಗಳನ್ನು ಮನಸ್ಸಿನಲ್ಲಿ ಕೆತ್ತಿಸಿಕೊಂಡು ಬರುತ್ತಾನೆ ಎಂಬ ಅಂದಿನ ನಂಬಿಕೆಯನ್ನು, ಎಳೆಯ ಮಕ್ಕಳಿಗೆ ಆ ಸತ್ಯಗಳ ಸುಳಿವೂ ಇರುವುದಿಲ್ಲವೆಂಬ ಸರಳ ಸಂಗತಿಯಿಂದ ಅಲ್ಲಗಳೆಯುತ್ತಾನೆ. ಮುಂದಿನ ಭಾಗದಲ್ಲಿ ಮನಸ್ಸನ್ನು ಏನನ್ನೂ ಬರೆಯದ ಬಿಳಿಯ ಕಾಗದವೆಂದು ಭಾವಿಸೋಣ ಎನ್ನುತ್ತಾನೆ. ಈ ಬಿಳಿಯ ಕಾಗದದ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಅದರ ಬೆನ್ನಿಗೇ ಬರುವ ಮಾತನ್ನು ಬಹಳ ಜನ ಓದಿದಂತಿಲ್ಲ. ಅನುಭವಕ್ಕೆ ಎರಡು ಸೆಲೆಗಳಿವೆ ಎಂಬುದು ಅಲ್ಲಿ ಅವನ ವಾದ. ಹೊರಗಿನ ವಸ್ತುಗಳು ಇಂದ್ರಿಯಗಳ ಮೂಲಕ ತರುವ ಸಂವೇದನೆ ಒಂದು. ಯೋಚಿಸುವುದು, ಸಂಶಯಪಡುವುದು, ನಂಬುವುದು, ಬಯಸುವುದು ಮುಂತಾದ ತನ್ನದೇ ವ್ಯಾಪಾರಗಳನ್ನು ಮನಸ್ಸು ತಾನೇ ಗಮನಿಸಿ ಪಡೆಯುವ ಅರಿವು ಇನ್ನೊಂದು. ಹಾಗಾಗಿ ಒಳಗೆ ನೋಡುವುದನ್ನು ಪಶ್ಚಿಮದ ಅನುಭವವಾದ ತಳ್ಳಿಹಾಕಿತೆಂಬ ಮಾತಿಗೆ ಆಧಾರವಿಲ್ಲ. ಒಳಗೆ ಕಂಡದ್ದೂ ಅನುಭವವೇ, ಅದೂ ಪರೀಕ್ಷೆಗೆ ಒಳಪಡಬೇಕಾದದ್ದೇ ಎಂದಷ್ಟೇ ಲಾಕ್ ಹೇಳಿದ.

ಇಂದ್ರಿಯಗಳು ತಂದದ್ದನ್ನೂ ಅವನು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಒಂದು ಕೈಯನ್ನು ಬಿಸಿನೀರಿನಲ್ಲೂ ಇನ್ನೊಂದನ್ನು ತಣ್ಣೀರಿನಲ್ಲೂ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಎರಡನ್ನೂ ಒಟ್ಟಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಅದೇ ನೀರು ಒಂದು ಕೈಗೆ ತಣ್ಣಗೂ ಇನ್ನೊಂದಕ್ಕೆ ಬೆಚ್ಚಗೂ ತೋರುತ್ತದೆ. ಒಂದೇ ನೀರು ಒಂದೇ ಕಾಲದಲ್ಲಿ ಬಿಸಿಯೂ ತಂಪೂ ಆಗಿರಲಾರದಷ್ಟೆ. ಆದ್ದರಿಂದ ಬಿಸಿ, ತಂಪು, ಬಣ್ಣ, ರುಚಿ ಇವು ನಾವು ಗ್ರಹಿಸಿದ ರೂಪದಲ್ಲೇ ವಸ್ತುವಿನಲ್ಲಿ ಇರುವ ಗುಣಗಳಲ್ಲ ಎಂದು ಅವನು ತೀರ್ಮಾನಿಸಿದ. ಯಾರ ಬಚ್ಚಲಿನಲ್ಲಾದರೂ ಮಾಡಿ ನೋಡಬಹುದಾದ ಈ ಪರೀಕ್ಷೆ ಒಂದೇ ಸಾಕು, ಅನುಭವವಾದವೆಂದರೆ ಇಂದ್ರಿಯಗಳ ಮೇಲಿನ ಕುರುಡು ನಂಬಿಕೆ ಎಂಬ ಆರೋಪ ಬಿದ್ದುಹೋಗಲು.

ಇದಕ್ಕಿಂತ ಆಳವಾದ ಪ್ರಶ್ನೆಯೊಂದನ್ನು ಲಾಕ್‌ನ ಮುಂದಿಟ್ಟವನು ಡಬ್ಲಿನ್ನಿನ ವಿಲಿಯಂ ಮೊಲಿನ್ಯೂ. ಅವನ ಹೆಂಡತಿ ಮದುವೆಯ ನಂತರ ದೃಷ್ಟಿ ಕಳೆದುಕೊಂಡಿದ್ದಳು. ಹುಟ್ಟುಕುರುಡನೊಬ್ಬ ಗೋಲವನ್ನೂ ಘನಾಕೃತಿಯನ್ನೂ ಮುಟ್ಟಿ ಬೇರ್ಪಡಿಸಲು ಕಲಿತಿದ್ದಾನೆ, ಅವನಿಗೆ ದೊಡ್ಡವನಾದ ಮೇಲೆ ದೃಷ್ಟಿ ಬಂತೆಂದು ಊಹಿಸೋಣ, ಮೇಜಿನ ಮೇಲಿಟ್ಟ ಆ ಎರಡು ವಸ್ತುಗಳಲ್ಲಿ ಗೋಲ ಯಾವುದು, ಘನ ಯಾವುದು ಎಂದು ಅವನು ಮುಟ್ಟದೆಯೇ, ಬರಿಯ ಕಣ್ಣಿನಿಂದ ಹೇಳಬಲ್ಲನೇ? 1688ರ ಪತ್ರವೊಂದರಲ್ಲಿ ಮೊದಲು ಕೇಳಿದ ಈ ಪ್ರಶ್ನೆಯನ್ನು ಲಾಕ್ ತನ್ನ ಗ್ರಂಥದ 1694ರ ಎರಡನೆಯ ಆವೃತ್ತಿಯಲ್ಲಿ ಸೇರಿಸಿ, ಹೇಳಲಾರನೆಂದು ಉತ್ತರಿಸಿದ. ಇನ್ನೊಬ್ಬ ಅನುಭವವಾದಿ, ಐರ್ಲೆಂಡಿನ ಬಿಷಪ್ ಬರ್ಕ್ಲಿ 1709ರಲ್ಲಿ ದೃಷ್ಟಿಯನ್ನು ಕುರಿತು ಬರೆದ ತನ್ನ ಪುಸ್ತಕದಲ್ಲಿ ಅದೇ ಉತ್ತರವನ್ನು ಎತ್ತಿಹಿಡಿದು, ದೂರವೆಂಬುದನ್ನು ಕೂಡ ಕಣ್ಣು ನೇರವಾಗಿ ಕಾಣುವುದಿಲ್ಲ, ನಡೆದು, ಕೈಚಾಚಿ, ಮುಟ್ಟಿ ಪಡೆದ ಅನುಭವದ ಬಲದಿಂದ ಅದನ್ನು ಓದಲು ಕಲಿಯುತ್ತದೆ ಎಂದು ವಾದಿಸಿದ.

ಈ ಪ್ರಶ್ನೆಗೆ ಪ್ರಯೋಗದ ಉತ್ತರ ಸಿಕ್ಕಿದ್ದು ನಮ್ಮ ದೇಶದ ಮಕ್ಕಳಿಂದ ಎಂಬುದು ಕನ್ನಡದ ಓದುಗರಿಗೆ ಹೆಚ್ಚು ಗೊತ್ತಾಗಬೇಕಾದ ಸಂಗತಿ. ಹುಟ್ಟಿನಿಂದಲೇ ಕಣ್ಣಿನ ಪೊರೆ ಮುಂತಾದ ತೊಂದರೆಗಳಿಂದ ಕುರುಡರಾಗಿ, ಬಡತನದಿಂದ ಚಿಕಿತ್ಸೆ ಸಿಗದೆ ಬೆಳೆದ ಮಕ್ಕಳಿಗೆ ದೃಷ್ಟಿ ಕೊಡಿಸುವ 'ಪ್ರಕಾಶ್' ಯೋಜನೆಯನ್ನು ವಿಜ್ಞಾನಿ ಪವನ್ ಸಿನ್ಹಾ ಆರಂಭಿಸಿದರು. ಅದರ ಭಾಗವಾಗಿ ನಡೆದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. 8ರಿಂದ 17 ವರ್ಷದೊಳಗಿನ ಐದು ಮಕ್ಕಳಿಗೆ, ಶಸ್ತ್ರಚಿಕಿತ್ಸೆಯ ನಂತರ ಕಣ್ಣಿನ ಪಟ್ಟಿ ಬಿಚ್ಚಿದ ಕೂಡಲೇ, ಆಟಿಕೆಯ ಇಟ್ಟಿಗೆಗಳಂಥ ಆಕೃತಿಗಳನ್ನು ಕೊಡಲಾಯಿತು. ಮುಟ್ಟಿದ್ದನ್ನು ಮತ್ತೆ ಮುಟ್ಟಿ ಗುರುತಿಸುವುದು ಅವರಿಗೆ ಸುಲಭವಾಗಿತ್ತು. ಕಣ್ಣಿನಿಂದ ಕಂಡ ಎರಡು ಆಕೃತಿಗಳನ್ನು ಬೇರ್ಪಡಿಸಲೂ ಅವರಿಗೆ ಆಗುತ್ತಿತ್ತು. ಆದರೆ ಕೈಯಲ್ಲಿ ಮುಟ್ಟಿ ತಿಳಿದ ಆಕೃತಿ ಕಣ್ಣೆದುರಿನ ಎರಡರಲ್ಲಿ ಯಾವುದು ಎಂದು ಕೇಳಿದಾಗ ಅವರ ಉತ್ತರಗಳು ಬಹುಮಟ್ಟಿಗೆ ಊಹೆಯ ಮಟ್ಟದಲ್ಲೇ ಉಳಿದವು. ಕೆಲವೇ ದಿನಗಳಲ್ಲಿ, ಯಾರೂ ವಿಶೇಷವಾಗಿ ಹೇಳಿಕೊಡದೆ, ಅದೇ ಮಕ್ಕಳು ಅದನ್ನು ಬಹಳಷ್ಟು ಸರಿಯಾಗಿ ಹೇಳತೊಡಗಿದರು. ಕಣ್ಣು ಕಾಣುವುದಕ್ಕೂ ಕಂಡದ್ದು ಇಂಥದೆಂದು ತಿಳಿಯುವುದಕ್ಕೂ ನಡುವೆ ಇರುವ ಈ ಅಂತರವನ್ನು ಅನುಭವವೇ ತುಂಬಬೇಕು. 'ಕಣ್ಣಾರೆ ಕಂಡೆ' ಎಂದು ನಾವು ಎಷ್ಟೋ ಸಲ ಗಟ್ಟಿಯಾಗಿ ಹೇಳುವಾಗ, ಆ ನೋಟದಲ್ಲಿ ಎಷ್ಟು ವರ್ಷಗಳ ಕಲಿಕೆ ಅಡಗಿದೆ ಎಂಬುದು ನಮ್ಮ ಲೆಕ್ಕಕ್ಕೇ ಬರುವುದಿಲ್ಲ.

ಇನ್ನು ಸ್ಕಾಟ್ಲೆಂಡಿನ ಅನುಭವವಾದಿ ಡೇವಿಡ್ ಹ್ಯೂಮ್‌ನ ವಿಷಯ. ಕಂಡದ್ದರಿಂದ ಕಾಣದ್ದಕ್ಕೆ ನಾವು ಹೇಗೆ ಹೋಗುತ್ತೇವೆ ಎಂಬುದು ಅವನನ್ನು ಕಾಡಿದ ಪ್ರಶ್ನೆ. ಇದುವರೆಗೆ ತಿಂದ ರೊಟ್ಟಿ ಹೊಟ್ಟೆ ತುಂಬಿಸಿದೆ, ಆದ್ದರಿಂದ ನಾಳೆ ತಿನ್ನುವ ರೊಟ್ಟಿಯೂ ತುಂಬಿಸುತ್ತದೆ ಎಂದು ನಂಬಲು ಆಧಾರವೇನು? ನಾಳೆ ನಿನ್ನೆಯಂತೆಯೇ ಇರುತ್ತದೆ ಎಂಬ ನಂಬಿಕೆ. ಆ ನಂಬಿಕೆಗೆ ಆಧಾರವೇನು? ಹಿಂದೆ ಹಾಗೆಯೇ ಆಗಿದೆ ಎಂಬ ಅನುಭವ. ಅಂದರೆ ಸಾಧಿಸಬೇಕಾದದ್ದನ್ನೇ ಆಧಾರವಾಗಿ ಹಿಡಿದಂತಾಯಿತು. 1739ರಲ್ಲಿ ತನ್ನ ಮೊದಲ ಗ್ರಂಥದಲ್ಲೂ 1748ರ ಇನ್ನೊಂದರಲ್ಲೂ ಹ್ಯೂಮ್ ಇದನ್ನು ಬಿಡಿಸಿಟ್ಟು, ಕಾರಣ ಮತ್ತು ಕಾರ್ಯದ ನಂಟನ್ನು ಕಣ್ಣು ಎಂದೂ ಕಾಣುವುದಿಲ್ಲ, ಒಂದರ ಬೆನ್ನಿಗೆ ಇನ್ನೊಂದು ಬರುವುದನ್ನಷ್ಟೇ ಕಾಣುತ್ತದೆ, ಉಳಿದದ್ದು ರೂಢಿಯ ಬಲ ಎಂದ.

ನಮ್ಮ ನೆಲದಲ್ಲಿ ಈ ಪ್ರಶ್ನೆ ಹೊಸದಾಗಿರಲಿಲ್ಲ. 14ನೆಯ ಶತಮಾನದಲ್ಲಿ ವಿಜಯನಗರದ ಪರಿಸರದಲ್ಲಿ ರಚಿತವಾದ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯ ನಮ್ಮ ಭೌತವಾದಿಗಳಾದ ಚಾರ್ವಾಕರದು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿದೆ ಎಂಬ ವ್ಯಾಪ್ತಿಯನ್ನು, ಅಂದರೆ ಎರಡರ ನಡುವಿನ ತಪ್ಪದ ನಂಟನ್ನು, ಪ್ರತ್ಯಕ್ಷದಿಂದ ತಿಳಿಯಲಾಗದು, ಏಕೆಂದರೆ ಆಗಿಹೋದ ಮತ್ತು ಇನ್ನೂ ಆಗದಿರುವ ಹೊಗೆಗಳ ಜೊತೆ ಇಂದ್ರಿಯಕ್ಕೆ ಸಂಪರ್ಕವೇ ಇಲ್ಲ. ಅನುಮಾನದಿಂದ (ಇಲ್ಲಿ ಸಂಶಯವೆಂದಲ್ಲ, ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು ಎಂದರ್ಥ) ತಿಳಿಯಹೊರಟರೆ ಆ ಅನುಮಾನಕ್ಕೂ ಒಂದು ವ್ಯಾಪ್ತಿ ಬೇಕಾಗಿ ಕೊನೆಮುಟ್ಟುವುದೇ ಇಲ್ಲ ಎಂದು ಅಲ್ಲಿ ಅವರ ವಾದವನ್ನು ನಿರೂಪಿಸಲಾಗಿದೆ. ಪ್ರತ್ಯಕ್ಷವೊಂದೇ ಪ್ರಮಾಣ, ಅಂದರೆ ಜ್ಞಾನದ ಸಾಧನ, ಎಂದ ಚಾರ್ವಾಕರು ಹೀಗೆ ಅನುಮಾನವನ್ನು ಕೈಬಿಡಬೇಕಾಯಿತು. ತರ್ಕಕ್ಕೆ ಹೆಸರಾದ ನ್ಯಾಯದರ್ಶನದವರು, ಅಂದರೆ ನೈಯಾಯಿಕರು, ಬಿಟ್ಟುಕೊಡಲಿಲ್ಲ. ಅವರಲ್ಲೊಬ್ಬರಾದ ಉದಯನಾಚಾರ್ಯರ ಉತ್ತರ ನನಗೆ ಇಂದಿಗೂ ಮೆಚ್ಚುಗೆಯಾಗುವಂಥದ್ದು: ಸಂಶಯಕ್ಕೂ ಒಂದು ಗಡಿಯಿದೆ, ಸಂಶಯಪಡುವವನ ನಡತೆಯೇ ಅವನ ಸಂಶಯವನ್ನು ವಿರೋಧಿಸುವಲ್ಲಿ ಅದು ನಿಲ್ಲಬೇಕು. ಹಸಿವಾದಾಗ ಅನ್ನಕ್ಕೇ ಕೈಹಾಕುವವನು, ಅನ್ನದಿಂದ ಹಸಿವು ಹಿಂಗುತ್ತದೆಯೋ ಇಲ್ಲವೋ ಎಂಬ ಸಂಶಯವನ್ನು ಪ್ರಾಮಾಣಿಕವಾಗಿ ಇಟ್ಟುಕೊಳ್ಳಲಾರ. ಹ್ಯೂಮ್ ರೂಢಿಯ ಹೆಸರಿನಲ್ಲಿ ತಲುಪಿದ ಜಾಗವೂ ಇದರಿಂದ ಬಹಳ ದೂರವಿಲ್ಲ. ಆದರೆ ಅವನು ಮನಸ್ಸಿನ ಸ್ವಭಾವವನ್ನು ವಿವರಿಸಿ ನಿಂತ, ಉದಯನರು ಅದನ್ನು ವಾದದ ನಿಯಮವನ್ನಾಗಿ ಮಾಡಿದರು. ಇಬ್ಬರನ್ನೂ ಜೊತೆಗಿಟ್ಟು ಕನ್ನಡದಲ್ಲಿ ಚರ್ಚಿಸಲು ಬೇಕಾದ ಸಾಮಗ್ರಿಯೆಲ್ಲ ನಮ್ಮ ಬಳಿ ಇರುವಾಗ, 'ಅವರದು ಕಣ್ಣು, ನಮ್ಮದು ಒಳಗಣ್ಣು' ಎಂಬ ಹಂಚಿಕೆಗೆ ನಾವೇಕೆ ಇಳಿಯಬೇಕು?

ಅನುಭವವಾದಕ್ಕೆ ಒಗ್ಗದ ಸಂಗತಿಗಳೂ ಇವೆ. ಗಣಿತದ ಸತ್ಯಗಳು ಅವುಗಳಲ್ಲಿ ಮುಖ್ಯವಾದವು. ಇಂದ್ರಿಯಗಳಲ್ಲಿ ಮೊದಲು ಇರದ ಏನೂ ಬುದ್ಧಿಯಲ್ಲಿಲ್ಲ ಎಂಬ ಹಳೆಯ ಮಾತಿಗೆ ಜರ್ಮನಿಯ ತತ್ತ್ವಜ್ಞಾನಿ ಲೈಬ್ನಿಟ್ಸ್ 'ಬುದ್ಧಿಯೊಂದನ್ನು ಬಿಟ್ಟು' ಎಂದು ಸೇರಿಸಿದ್ದೂ, ಅನುಭವವನ್ನು ಹೊಂದಿಸಿಕೊಳ್ಳುವ ಚೌಕಟ್ಟು ಅನುಭವದಿಂದ ಬಂದದ್ದಾಗಿರಲಾರದು ಎಂದು ಅದೇ ನಾಡಿನ ತತ್ತ್ವಜ್ಞಾನಿ ಕಾಂಟ್ 1781ರಲ್ಲಿ ವಾದಿಸಿದ್ದೂ ತಳ್ಳಿಹಾಕುವಂಥ ಮಾತುಗಳಲ್ಲ. ಅವುಗಳ ಚರ್ಚೆಗೆ ಬೇರೆಯೇ ಪತ್ರ ಬೇಕು.

ಮುಂಬಯಿಯಲ್ಲಿ ಬಾಳುವ ನಮಗೆ ಅನುಭವ ಮತ್ತು ಅನುಮಾನದ ಈ ವ್ಯತ್ಯಾಸ ಎಷ್ಟು ದುಬಾರಿಯಾದದ್ದೆಂದು ತಿಳಿಯಲು ದೂರ ಹೋಗಬೇಕಿಲ್ಲ. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಓಣಿಗಳಲ್ಲಿ ಕಾಣಿಸಿಕೊಂಡ ಜ್ವರವನ್ನು ಪ್ಲೇಗೆಂದು ಗುರುತಿಸಿದವರು ಗೋವೆಯಲ್ಲಿ ಹುಟ್ಟಿದ ವೈದ್ಯ ಅಕಾಸಿಯೊ ಗೇಬ್ರಿಯಲ್ ವಿಯೇಗಸ್. ಜನ ಕಿಕ್ಕಿರಿದ, ಗಾಳಿಬೆಳಕಿಲ್ಲದ, ಕೊಳಚೆ ನಿಂತ ಚಾಳುಗಳಲ್ಲಿ ಸಾವು ಹೆಚ್ಚು ಎಂಬುದನ್ನು ಇಡೀ ನಗರವೇ ಕಣ್ಣಾರೆ ಕಂಡಿತು. ಆದ್ದರಿಂದ ಕೊಳಚೆಯೇ ಕಾರಣವೆಂದು ಅಧಿಕಾರಿಗಳು ತೀರ್ಮಾನಿಸಿದರು. ಚರಂಡಿಗಳಿಗೆ ಸಮುದ್ರದ ನೀರನ್ನೂ ಕಾರ್ಬಾಲಿಕ್ ಆಮ್ಲವನ್ನೂ ಹರಿಸಿದರು, ಮನೆಗಳ ನೆಲ ಅಗೆದರು, ಬೆಳಕು ಬೀಳಲೆಂದು ಮಾಡು ಕಿತ್ತರು, ಬಡವರ ಹಾಸಿಗೆ ಬಟ್ಟೆಗಳನ್ನು ಸುಟ್ಟರು. ಪ್ಲೇಗು ನಿಲ್ಲಲಿಲ್ಲ. ಮುಂದಿನ ದಶಕಗಳಲ್ಲಿ ದೇಶದಲ್ಲಿ ಅದಕ್ಕೆ ಬಲಿಯಾದವರು ಒಂದು ಕೋಟಿಗೂ ಹೆಚ್ಚು. ಕಂಡದ್ದರಲ್ಲಿ ಸುಳ್ಳಿರಲಿಲ್ಲ, ಕಂಡದ್ದರಿಂದ ಹೊರಡಿಸಿದ ಅರ್ಥ ತಪ್ಪಾಗಿತ್ತು.

ಅದನ್ನು ತಿದ್ದಿದ್ದು ಹೆಚ್ಚು ನೋಟವಲ್ಲ, ಬೇರೆ ಬಗೆಯ ನೋಟ. ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೋಂ ಕೆಲವು ರೋಗಿಗಳ ಕಾಲಿನ ಮೇಲೆ ಕೀಟ ಕಚ್ಚಿದಂಥ ಪುಟ್ಟ ಗುಳ್ಳೆಗಳಿರುವುದನ್ನು ಗಮನಿಸಿ, ಇಲಿಯ ಚಿಗಟವೇ ರೋಗವನ್ನು ಸಾಗಿಸುತ್ತಿರಬಹುದೆಂದು ಊಹಿಸಿದರು. 1898ರಲ್ಲಿ ಕರಾಚಿಯಲ್ಲಿ, ಚಿಗಟಗಳಿದ್ದ ರೋಗಪೀಡಿತ ಇಲಿಯ ಹತ್ತಿರ, ಆದರೆ ಪರಸ್ಪರ ಮುಟ್ಟಲಾಗದಂತೆ, ಆರೋಗ್ಯವಂತ ಇಲಿಯೊಂದನ್ನು ಇಟ್ಟು ನೋಡಿದರು. ಅದಕ್ಕೆ ರೋಗ ತಗುಲಿತು. ರೋಗಪೀಡಿತ ಇಲಿಯ ಮೈಮೇಲೆ ಚಿಗಟಗಳೇ ಇಲ್ಲದಂತೆ ಮಾಡಿದಾಗ ಪಕ್ಕದ ಇಲಿಗೆ ಏನೂ ಆಗಲಿಲ್ಲ. ಆದರೂ ಬಹುಕಾಲ ಅವರ ಮಾತನ್ನು ದೊಡ್ಡವರು ನಂಬಲಿಲ್ಲ. 1905ರಿಂದ ನಮ್ಮ ಪರೇಲಿನ ಪ್ರಯೋಗಾಲಯದ ಸಂಶೋಧಕರು ಸೋಂಕಿನ ಕೋಣೆಗಳಲ್ಲಿ ಗಿನಿಯಿಲಿಗಳ ಪಂಜರಗಳನ್ನು ಬೇರೆ ಬೇರೆ ಎತ್ತರದಲ್ಲಿ ಇಟ್ಟು ಪರೀಕ್ಷಿಸಿದರು. ನೆಲದಲ್ಲಿದ್ದವು ರೋಗಕ್ಕೆ ತುತ್ತಾದವು, ಚಿಗಟ ನೆಗೆದು ಮುಟ್ಟಲಾರದ ಎತ್ತರದಲ್ಲಿ ತೂಗಿಬಿಟ್ಟವು ಉಳಿದುಕೊಂಡವು. ಕೋಣೆ ಒಂದೇ, ಗಾಳಿ ಒಂದೇ, ಕೊಳೆ ಒಂದೇ, ಬದಲಾದದ್ದು ನೆಲದಿಂದ ಎತ್ತರ ಮಾತ್ರ. ಉಳಿದೆಲ್ಲವನ್ನೂ ಸಮವಾಗಿರಿಸಿ ಒಂದನ್ನು ಮಾತ್ರ ಬದಲಿಸುವ ಈ ಶಿಸ್ತು ಕಣ್ಣಿನಿಂದ ತಾನಾಗಿ ಬರುವುದಿಲ್ಲ. ಅದಕ್ಕೂ ಮೊದಲು, 1897ರ ಜನವರಿ 10ರಂದು, ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಡೆಮರ್ ಹಾಫ್‌ಕಿನ್ ಅವರು ತಾವು ತಯಾರಿಸಿದ ಪ್ಲೇಗಿನ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡು, ಆಮೇಲೆ ಭಾಯ್‌ಖಳಾ ಜೈಲಿನಲ್ಲಿ ಲಸಿಕೆ ಪಡೆದ ಕೈದಿಗಳನ್ನು ಅದೇ ಜೈಲಿನಲ್ಲಿ ಲಸಿಕೆ ಪಡೆಯದವರ ಜೊತೆ ಹೋಲಿಸಿ ನೋಡಿದ್ದರು. ಬಂಧನದಲ್ಲಿರುವವರ ಮೇಲೆ ಇಂಥ ಪರೀಕ್ಷೆಯನ್ನು ಇಂದು ನಾವು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಲಸಿಕೆ ಪಡೆದವನು ಬದುಕಿದ ಎಂಬುದಷ್ಟೇ ಸಾಲದು, ಪಡೆಯದವನ ಗತಿ ಏನಾಯಿತೆಂದೂ ಕೇಳಬೇಕು ಎಂಬ ಅರಿವು ಅಲ್ಲಿತ್ತು.

ಇದೆಲ್ಲವನ್ನೂ ನಾನು ಕಂಡವನಲ್ಲ, ಓದಿ ತಿಳಿದವನು. ಇಲ್ಲಿಯೇ 'ಕಂಡದ್ದಷ್ಟೇ ಜ್ಞಾನ' ಎನ್ನುವವರ ವಾದ ಪೂರ್ತಿ ಕುಸಿಯುತ್ತದೆ. ತಾನು ಹುಟ್ಟಿದ ದಿನವನ್ನು ಯಾರೂ ತಾವಾಗಿ ಕಂಡು ತಿಳಿದಿಲ್ಲ, ತಾಯಿ ಹೇಳಿದ್ದರಿಂದ ತಿಳಿದಿದ್ದೇವೆ. ಹ್ಯೂಮ್ ಕೂಡ ಬೇರೆಯವರ ಸಾಕ್ಷ್ಯವನ್ನು ಆಧರಿಸಿದ ತಿಳಿವಳಿಕೆಗಿಂತ ಬದುಕಿಗೆ ಹೆಚ್ಚು ಅಗತ್ಯವಾದದ್ದು ಇನ್ನೊಂದಿಲ್ಲ ಎಂದು ಒಪ್ಪಿಕೊಂಡಿದ್ದಾನೆ. ಆದರೆ ಸಾಕ್ಷ್ಯವನ್ನು ತೂಗಿ ನೋಡಬೇಕೆಂಬುದು ಅವನ ಹಟ. ಚಳಿಗೆ ನೀರು ಗಟ್ಟಿಯಾಗುತ್ತದೆ ಎಂಬ ಸುದ್ದಿಯನ್ನು ಮೊದಲು ಕೇಳಿದಾಗ ನಂಬದ ಭಾರತದ ರಾಜಕುಮಾರನೊಬ್ಬನ ಉದಾಹರಣೆ ಕೊಟ್ಟು, ಅವನು ಸರಿಯಾಗಿಯೇ ಯೋಚಿಸಿದ, ಅವನ ಅನುಭವಕ್ಕೆ ಅಷ್ಟು ದೂರವಾದದ್ದನ್ನು ಒಪ್ಪಿಸಲು ಬಹಳ ಬಲವಾದ ಸಾಕ್ಷ್ಯವೇ ಬೇಕಿತ್ತು ಎನ್ನುತ್ತಾನೆ. (ಅಮೆರಿಕದ ಕೊಳಗಳ ಮಂಜುಗಡ್ಡೆ ಹಡಗಿನಲ್ಲಿ ಮುಂಬಯಿಗೆ ಬಂದಿಳಿದದ್ದು 1830ರ ದಶಕದಲ್ಲಿ, ಹ್ಯೂಮ್ ತೀರಿಹೋಗಿ ಅರ್ಧ ಶತಮಾನ ದಾಟಿದ ಮೇಲೆ.)

ನಮ್ಮ ನ್ಯಾಯದರ್ಶನ ಶಬ್ದವನ್ನು, ಅಂದರೆ ಬೇರೆಯವರ ಮಾತನ್ನು, ಸ್ವತಂತ್ರ ಪ್ರಮಾಣವೆಂದೇ ಎಣಿಸಿತು. ಆದರೆ ಯಾರ ಶಬ್ದ? ಆಪ್ತನ ಶಬ್ದ, ಅಂದರೆ ವಿಷಯವನ್ನು ತಾನು ನೇರವಾಗಿ ಅರಿತು, ಅರಿತದ್ದನ್ನು ಅರಿತಂತೆಯೇ ಹೇಳಬಯಸುವವನ ಮಾತು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಸ್ಪಷ್ಟವಾಗಿ ಬರೆದಿದ್ದಾರೆ. ಹೇಳಿದವನ ಕುಲ, ದೇಶ, ಪೀಠ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಬೆಂಕಿ ತಂಪಾಗಿದೆ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು ಎಂದವರು ಶಂಕರಾಚಾರ್ಯರು. ಉಡುಪಿಯ ನೆಲದ ಮಧ್ವಾಚಾರ್ಯರು ಇನ್ನೂ ಮುಂದೆ ಹೋಗಿ, ಆಗಮಕ್ಕೆ, ಅಂದರೆ ಶಾಸ್ತ್ರವಾಕ್ಯಕ್ಕೆ, ಆಸರೆಯಾಗಿರುವ ಪ್ರತ್ಯಕ್ಷವನ್ನು ಆಗಮದ ಹೆಸರಿನಲ್ಲಿಯೇ ಅಲ್ಲಗಳೆಯಲು ಬರುವುದಿಲ್ಲ ಎಂಬ ಉಪಜೀವ್ಯ ನ್ಯಾಯವನ್ನು ತಮ್ಮ ದರ್ಶನದ ಒಂದು ಕಂಬವಾಗಿಸಿಕೊಂಡರು. ಅವರ ಪರಂಪರೆಯ ಜಯತೀರ್ಥರು ಪ್ರಮಾಣಗಳ ವಿಚಾರಕ್ಕೆಂದೇ 'ಪ್ರಮಾಣಪದ್ಧತಿ' ಬರೆದರು. ಒಳಗಣ್ಣೊಂದೇ ಸಾಕಿತ್ತೆಂದು ಹಿರಿಯರ ಹೆಸರಿನಲ್ಲಿ ಹೇಳುವವರು, ಆ ಹಿರಿಯರು ಪ್ರಮಾಣಗಳ ಬಗ್ಗೆ ಪಟ್ಟ ಇಷ್ಟೊಂದು ಶ್ರಮವನ್ನು ವ್ಯರ್ಥವೆಂದು ಹೇಳಿದಂತಾಗುತ್ತದೆ, ಅದು ನನಗೆ ನಿಜಕ್ಕೂ ನೋವಿನ ಸಂಗತಿ.

ಮಾಟುಂಗದಲ್ಲಿ, ಮಾಹಿಮಿನಲ್ಲಿ ನಮ್ಮ ಕನ್ನಡ ಸಂಘಗಳು ಸಾಹಿತ್ಯಕ್ಕೆ, ಯಕ್ಷಗಾನಕ್ಕೆ, ಸಂಗೀತಕ್ಕೆ ವೇದಿಕೆ ಕೊಡುತ್ತ ಬಂದಿವೆ. ವರ್ಷಕ್ಕೊಂದು ಉಪನ್ಯಾಸವಾದರೂ ಪ್ರಮಾಣಗಳ ವಿಚಾರಕ್ಕೆ, ಲಾಕ್, ಹ್ಯೂಮ್, ಉದಯನ, ಜಯತೀರ್ಥರನ್ನು ಒಂದೇ ಜಗುಲಿಯಲ್ಲಿ ಕೂರಿಸುವ ಮಾತಿಗೆ ಮೀಸಲಾಗಲಿ ಎಂದು ಅವುಗಳಲ್ಲಿ ಕೇಳಿಕೊಳ್ಳುತ್ತೇನೆ.

ತಮ್ಮಲ್ಲೂ ಒಂದು ಬಿನ್ನಹವಿದೆ. ಪತ್ರಿಕೆಯ ಆರೋಗ್ಯದ ಪುಟದಲ್ಲಿ ಮನೆಮದ್ದುಗಳೂ ಹೊಸ ಔಷಧಿಗಳ ಸುದ್ದಿಗಳೂ ಪ್ರಕಟವಾಗುತ್ತವೆ, ಕತ್ತರಿಸಿ ಇಟ್ಟುಕೊಂಡು ಪಾಲಿಸುವವರು ನಮ್ಮ ಕಟ್ಟಡದಲ್ಲಿಯೇ ಇದ್ದಾರೆ. ಅವರು ತಮ್ಮ ಪತ್ರಿಕೆಯನ್ನು ಆಪ್ತವಾಕ್ಯವೆಂದು ನಂಬುವವರು. ಅಂಥ ಪ್ರತಿಯೊಂದು ಬರಹದ ಕೆಳಗೆ, ಇದು ಯಾರು ಕಂಡದ್ದು, ಎಷ್ಟು ಜನರಲ್ಲಿ ನೋಡಿದ್ದು, ಆ ಮದ್ದನ್ನು ತೆಗೆದುಕೊಳ್ಳದೆ ಇದ್ದವರಿಗೆ ಏನಾಯಿತು ಎಂಬ ಮೂರು ಸಂಗತಿಗಳನ್ನು ತಿಳಿದ ಮಟ್ಟಿಗೆ ಒಂದೆರಡು ಸಾಲಿನಲ್ಲಿ ಮುದ್ರಿಸಬೇಕು, ತಿಳಿಯದಿದ್ದಲ್ಲಿ ತಿಳಿದಿಲ್ಲವೆಂದೇ ಮುದ್ರಿಸಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ತತ್ತ್ವಶಾಸ್ತ್ರ ಅಧ್ಯಾಪಕ
ಡೊಂಬಿವಲಿ ಪೂರ್ವ